ಫೋನಿನಲ್ಲೇ ಜೀವ ಉಳಿಸುವ ವಿದ್ಯೆಗೆ ಬುನಾದಿ ಹಾಕಿದ ವೈದ್ಯ ಪೀಟರ್ ಸಫಾರ್

ಊಟಕ್ಕೆ ಕುಳಿತ ಮನೆಯ ಹಿರಿಯರು ಇದ್ದಕ್ಕಿದ್ದಂತೆ ಕುಸಿದು ಬೀಳುತ್ತಾರೆ. ಕೂಗಿ ಕರೆದರೂ ಮಾತಿಲ್ಲ, ಉಸಿರು ನೆಟ್ಟಗಿಲ್ಲ. ಇದು ನಡೆದದ್ದು ಅಮೆರಿಕದ ಸಿಯಾಟಲ್‌ನಲ್ಲಾದರೆ ಮನೆಯವರು ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡುತ್ತಾರೆ. ಆ ತುದಿಯಲ್ಲಿ ಕರೆ ಸ್ವೀಕರಿಸಿದ ಡಿಸ್ಪ್ಯಾಚರ್ ವಿಳಾಸ ಬರೆದುಕೊಂಡು ಫೋನ್ ಇಟ್ಟುಬಿಡುವುದಿಲ್ಲ. ಬಿದ್ದವರಿಗೆ ಎಚ್ಚರ ಇದೆಯೇ, ಉಸಿರಾಟ ಮಾಮೂಲಿನಂತೆ ಇದೆಯೇ ಎಂಬ ಎರಡೇ ಪ್ರಶ್ನೆ ಕೇಳುತ್ತಾರೆ. ಎರಡಕ್ಕೂ ಇಲ್ಲ ಎಂಬ ಉತ್ತರ ಬಂದರೆ ಫೋನನ್ನು ಸ್ಪೀಕರ್‌ಗೆ ಹಾಕಿಸಿ, ರೋಗಿಯನ್ನು ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುಭಾಗದಲ್ಲಿ ಅಂಗೈ ಇಟ್ಟು ಒತ್ತಲು ಹೇಳುತ್ತಾರೆ. ಆಂಬುಲೆನ್ಸ್ ಬಾಗಿಲಿಗೆ ಬರುವವರೆಗೆ ಒಂದು, ಎರಡು, ಮೂರು, ನಾಲ್ಕು ಎಂದು ಲಯ ತಪ್ಪದಂತೆ ಎಣಿಸುತ್ತಲೇ ಇರುತ್ತಾರೆ.

ಫೋನ್ ಮಾಡಿದ ವ್ಯಕ್ತಿ ಜೀವನದಲ್ಲಿ ಒಮ್ಮೆಯೂ ಸಿಪಿಆರ್ ಕಲಿತಿರಬೇಕಾಗಿಲ್ಲ. ಏನೂ ಗೊತ್ತಿಲ್ಲದವರ ಕೈಯಲ್ಲಿ, ಕಣ್ಣಿಗೆ ಕಾಣದ ಇನ್ನೊಬ್ಬರು ಬರೀ ಮಾತಿನಿಂದ ಈ ಕೆಲಸ ಮಾಡಿಸುತ್ತಾರೆ. ಇಂಥದ್ದು ಸಾಧ್ಯ ಎಂದು 1950ರ ದಶಕದ ಆರಂಭದಲ್ಲಿ ಯಾವ ವೈದ್ಯರೂ ಒಪ್ಪುತ್ತಿರಲಿಲ್ಲ. ನಿಂತ ಉಸಿರನ್ನು ಮರಳಿಸುವುದು ಆಪರೇಷನ್ ಥಿಯೇಟರಿನೊಳಗಿನ ವಿದ್ಯೆ ಎಂದೇ ಎಲ್ಲರೂ ತಿಳಿದಿದ್ದರು. ಆ ವಿದ್ಯೆಯನ್ನು ಥಿಯೇಟರಿನಿಂದ ಹೊರಗೆ ತಂದು ಗೃಹಿಣಿ, ಅಗ್ನಿಶಾಮಕ ಸಿಬ್ಬಂದಿ, ಶಾಲಾ ಹುಡುಗರ ಕೈಗೆ ಕೊಡಬಹುದು ಎಂದು ಪುರಾವೆ ಸಮೇತ ತೋರಿಸಿದವರು ಆಸ್ಟ್ರಿಯಾ ಮೂಲದ ಅರಿವಳಿಕೆ ತಜ್ಞ ಪೀಟರ್ ಸಫಾರ್. ಸಿಪಿಆರ್ ಪಿತಾಮಹ ಎಂದು ಅವರನ್ನು ಜಗತ್ತು ಗುರುತಿಸುತ್ತದೆ. ಫೋನಿನ ಮೂಲಕ ಸಿಪಿಆರ್ ಮಾಡಿಸುವ ಪದ್ಧತಿಯನ್ನು ರೂಪಿಸಿದವರು ಬೇರೆಯವರು. ಆದರೆ ಆ ಪದ್ಧತಿ ನಿಂತಿರುವ ನೆಲವನ್ನು ಹದ ಮಾಡಿದ್ದು ಸಫಾರ್. ಕೊನೆಗೆ ಅದೇ ಪದ್ಧತಿ ಅವರ ಅತಿ ದೊಡ್ಡ ಸಂಶೋಧನೆಯನ್ನೇ ಬದಿಗೆ ಸರಿಸಿತು ಎಂಬುದು ಈ ಕಥೆಯ ವಿಚಿತ್ರ ತಿರುವು.

ವೈದ್ಯ ದಂಪತಿಯ ಮಗ

ಸಫಾರ್ ಹುಟ್ಟಿದ್ದು 1924ರ ಏಪ್ರಿಲ್ 12ರಂದು ವಿಯೆನ್ನಾದಲ್ಲಿ. ತಂದೆ ಕಾರ್ಲ್ ನೇತ್ರತಜ್ಞ, ತಾಯಿ ವಿಂಕಾ ಮಕ್ಕಳ ವೈದ್ಯೆ. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ ಮೇಲೆ ಮನೆಯ ಸ್ಥಿತಿ ಬದಲಾಯಿತು. ನಾಜಿ ಪಕ್ಷ ಸೇರಲು ಒಪ್ಪದ ತಂದೆ ಕೆಲಸ ಕಳೆದುಕೊಂಡರು. ತಾಯಿಯ ಪೂರ್ವಿಕರಲ್ಲಿ ಯಹೂದಿಗಳಿದ್ದ ಕಾರಣಕ್ಕೆ ಅವರ ಕೆಲಸವೂ ಹೋಯಿತು.

ಓದು ಮುಗಿಸುತ್ತಿದ್ದಂತೆ ಹುಡುಗನನ್ನು ಕಡ್ಡಾಯ ದುಡಿಮೆಯ ಶಿಬಿರಕ್ಕೆ ಕಳಿಸಲಾಯಿತು. ಅದರ ಬೆನ್ನಿಗೇ ಸೇನೆಯ ಕರೆ. ರಷ್ಯಾದ ರಣರಂಗಕ್ಕೆ ಹೋದ ಆ ವಯಸ್ಸಿನ ಎಷ್ಟೋ ಹುಡುಗರು ಮರಳಲಿಲ್ಲ. ಸಫಾರ್‌ಗೆ ಚಿಕ್ಕಂದಿನಿಂದ ಚರ್ಮದ ಕಜ್ಜಿ ಇತ್ತು. ವೈದ್ಯಕೀಯ ತಪಾಸಣೆಗೆ ಮುನ್ನ ಕ್ಷಯರೋಗ ಪರೀಕ್ಷೆಗೆ ಬಳಸುವ ಮುಲಾಮನ್ನು ಅದರ ಮೇಲೆ ಬಳಿದುಕೊಂಡರು. ಕಜ್ಜಿ ಉಲ್ಬಣಿಸಿ ಮೈ ಕೆಂಪಾಯಿತು. ಸೇನೆಗೆ ಈತ ಯೋಗ್ಯನಲ್ಲ ಎಂದು ವೈದ್ಯರು ಬರೆದುಕೊಟ್ಟರು. ಹೀಗೆ ತಪ್ಪಿಸಿಕೊಂಡ ಯುವಕ ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯಕ್ಕೆ ಸೇರಿ 1948ರಲ್ಲಿ ಪದವಿ ಪಡೆದರು.

ಮರುವರ್ಷ ಶಸ್ತ್ರಚಿಕಿತ್ಸೆ ಕಲಿಯಲು ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಅವರಿಗೆ ಒಂದು ವಿಷಯ ಮನದಟ್ಟಾಯಿತು. ದೊಡ್ಡ ಶಸ್ತ್ರಚಿಕಿತ್ಸೆಗಳ ಮೇಲೆ ಎಷ್ಟು ಆಸೆ ಇದ್ದರೂ, ಆಗ ರೋಗಿಯನ್ನು ಬದುಕಿಸಿಡುವ ಶಾಸ್ತ್ರ ಅಷ್ಟು ಮುಂದುವರಿದಿರಲಿಲ್ಲ. ಕತ್ತರಿ ಹಿಡಿಯುವ ಕೈಗಿಂತ ಉಸಿರು ಕಾಯುವ ಕಣ್ಣಿನ ಅಗತ್ಯವೇ ಹೆಚ್ಚು ಎಂದು ಅರಿವಳಿಕೆ ಶಾಸ್ತ್ರದತ್ತ ಹೊರಳಿದರು. 1950ರಲ್ಲಿ ಈವಾ ಅವರನ್ನು ಮದುವೆಯಾದರು. ಫಿಲಡೆಲ್ಫಿಯಾದಲ್ಲಿ ತರಬೇತಿ ಮುಗಿಸಿ, ಪೆರು ದೇಶದ ಲಿಮಾದಲ್ಲಿ ಕ್ಯಾನ್ಸರ್ ಆಸ್ಪತ್ರೆಗೆ ಅರಿವಳಿಕೆ ವಿಭಾಗ ಕಟ್ಟಿಕೊಟ್ಟು, ಮತ್ತೆ ಅಮೆರಿಕಕ್ಕೆ ಬಂದು 1955ರ ಹೊತ್ತಿಗೆ ಬಾಲ್ಟಿಮೋರ್ ಸಿಟಿ ಹಾಸ್ಪಿಟಲ್ಸ್‌ನಲ್ಲಿ ಅರಿವಳಿಕೆ ವಿಭಾಗದ ಮುಖ್ಯಸ್ಥರಾದರು.

ಕಾರಿನಲ್ಲಿ ಸಿಕ್ಕ ಸುಳಿವು

1956ರ ಅಕ್ಟೋಬರ್‌ನಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಅರಿವಳಿಕೆ ತಜ್ಞರ ಸಮ್ಮೇಳನ ನಡೆಯಿತು. ಅಲ್ಲಿಂದ ಮರಳುವಾಗ ಸಫಾರ್ ಜೊತೆ ಕಾರಿನಲ್ಲಿ ಇದ್ದವರು ಜೇಮ್ಸ್ ಎಲಾಮ್ ಎಂಬ ಇನ್ನೊಬ್ಬ ವೈದ್ಯ. ಎಲಾಮ್ ಹತ್ತು ವರ್ಷ ಹಿಂದೆ ಮಿನಿಯಾಪೊಲಿಸ್‌ನ ಪೋಲಿಯೊ ವಾರ್ಡಿನಲ್ಲಿದ್ದಾಗ ಉಸಿರು ನಿಂತು ನೀಲಿಗಟ್ಟಿದ ಮಗುವಿಗೆ ತಮ್ಮ ಬಾಯಿಂದಲೇ ಗಾಳಿ ಊದಿ ಬದುಕಿಸಿದ್ದರು. ನಾವು ಹೊರಬಿಡುವ ಉಸಿರಿನಲ್ಲಿ ಸುಮಾರು ಶೇ 16ರಷ್ಟು ಆಮ್ಲಜನಕ ಉಳಿದಿರುತ್ತದೆ, ಇನ್ನೊಬ್ಬರನ್ನು ಬದುಕಿಸಲು ಅಷ್ಟು ಸಾಕು ಎಂದು 1954ರಲ್ಲಿ ಪ್ರಬಂಧವನ್ನೂ ಬರೆದಿದ್ದರು. ಹೆಚ್ಚು ಜನ ಕಿವಿಗೊಟ್ಟಿರಲಿಲ್ಲ.

ಬಾಯಿಂದ ಬಾಯಿಗೆ ಉಸಿರು ಕೊಡುವುದು ಹೊಸದೇನೂ ಅಲ್ಲ. ಹುಟ್ಟಿದ ಕೂಸು ಅಳದಿದ್ದಾಗ ಸೂಲಗಿತ್ತಿಯರು ಮಾಡುತ್ತಿದ್ದದ್ದು ಅದನ್ನೇ. ನೀರಿನಲ್ಲಿ ಮುಳುಗಿದವರಿಗೆ ಹೀಗೆ ಮಾಡಬೇಕೆಂದು 1740ರಲ್ಲೇ ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿ ಶಿಫಾರಸು ಮಾಡಿತ್ತು. ಕಾಲಕ್ರಮದಲ್ಲಿ ಅದು ಅಸಹ್ಯ, ಅಶುಚಿ ಎಂಬ ಭಾವನೆ ಬೆಳೆದು ಮೂಲೆ ಸೇರಿತ್ತು. 1950ರ ದಶಕದಲ್ಲಿ ಪ್ರಥಮ ಚಿಕಿತ್ಸೆಯ ಪಾಠಗಳಲ್ಲಿ ಹೇಳಿಕೊಡುತ್ತಿದ್ದದ್ದು ಬೇರೆಯೇ. ರೋಗಿಯನ್ನು ಬೋರಲು ಮಲಗಿಸಿ ಬೆನ್ನು ಒತ್ತಿ ಮೊಣಕೈ ಎತ್ತುವುದು ಒಂದು ಕ್ರಮ, ಅಂಗಾತ ಮಲಗಿಸಿ ಎದೆ ಒತ್ತಿ ತೋಳುಗಳನ್ನು ತಲೆಯ ಮೇಲಕ್ಕೆ ಎಳೆಯುವುದು ಇನ್ನೊಂದು. ಶಾಲೆ, ಸೇನೆ, ಸ್ಕೌಟ್ ಶಿಬಿರ ಎಲ್ಲೆಡೆ ಇದೇ ಪಾಠ. ಆದರೆ ನಿಜವಾಗಿ ಉಸಿರು ನಿಂತವರ ಶ್ವಾಸಕೋಶಕ್ಕೆ ಇದರಿಂದ ಗಾಳಿ ಹೋಗುತ್ತದೆಯೇ ಎಂದು ಕೂಲಂಕಷವಾಗಿ ಅಳೆದು ನೋಡಿದವರು ತೀರಾ ಕಡಿಮೆ.

ಅದನ್ನು ಅಳೆಯಲು ಸಫಾರ್ ನಿರ್ಧರಿಸಿದರು. ಅವರು ಆರಿಸಿಕೊಂಡ ದಾರಿಗೆ ಇಂದು ಯಾವ ಆಸ್ಪತ್ರೆಯ ನೈತಿಕ ಸಮಿತಿಯೂ ಸುಲಭವಾಗಿ ಒಪ್ಪಿಗೆ ಕೊಡಲಾರದು.

ಮಂಪರು ಔಷಧಿ ಕೊಟ್ಟು, ಬಾಣದ ತುದಿಗೆ ಸವರುತ್ತಿದ್ದ ಕ್ಯುರಾರೆ ಎಂಬ ವಿಷದ ಜಾತಿಯ ಔಷಧಿಯಿಂದ ಸ್ನಾಯುಗಳನ್ನು ಸ್ತಬ್ಧಗೊಳಿಸಿದರೆ ಆರೋಗ್ಯವಂತ ಮನುಷ್ಯ ತಾನಾಗಿ ಉಸಿರಾಡಲಾರ. ಇದಕ್ಕೆ ಒಪ್ಪಿ ಮೈಕೊಟ್ಟು ಮಲಗಲು ವೈದ್ಯರು, ವೈದ್ಯಕೀಯ ವಿದ್ಯಾರ್ಥಿಗಳು, ನರ್ಸ್‌ಗಳು ಸೇರಿ ಸುಮಾರು 30 ಸ್ವಯಂಸೇವಕರು ಮುಂದೆ ಬಂದರು. ಏನಾಗಬಹುದು ಎಂಬುದನ್ನು ಮೊದಲೇ ವಿವರಿಸಲಾಗಿತ್ತು. ಅವರ ಉಸಿರು ನಿಂತ ಮೇಲೆ ಪಕ್ಕದಲ್ಲಿ ನಿಂತವರು ಮೊದಲು ಹಳೆಯ ಕ್ರಮದಲ್ಲಿ ತೋಳು ಎತ್ತಿ ಎದೆ ಒತ್ತಿದರು, ಆಮೇಲೆ ಬಾಯಿಗೆ ಬಾಯಿಟ್ಟು ಊದಿದರು. ಪ್ರತಿ ಸಲ ಶ್ವಾಸಕೋಶಕ್ಕೆ ಎಷ್ಟು ಗಾಳಿ ಹೋಯಿತು, ರಕ್ತದಲ್ಲಿ ಆಮ್ಲಜನಕ ಎಷ್ಟಿತ್ತು ಎಂಬುದನ್ನು ಯಂತ್ರಗಳು ದಾಖಲಿಸಿದವು. ಪರಿಸ್ಥಿತಿ ಕೈಮೀರುವ ಮುನ್ನ ಹಿಡಿಯಲು ಸಫಾರ್ ತಲೆಯ ಬಳಿಯೇ ಸಿದ್ಧರಿದ್ದರು.

ಬಂದ ಫಲಿತಾಂಶದಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ. ಹಳೆಯ ಕ್ರಮಗಳಲ್ಲಿ ಎಷ್ಟೋ ಬಾರಿ ಗಾಳಿ ಒಳಗೆ ಹೋಗಲೇ ಇಲ್ಲ. ಪ್ರಜ್ಞೆ ತಪ್ಪಿದವರ ನಾಲಿಗೆ ಹಿಂದಕ್ಕೆ ಜಾರಿ ಗಂಟಲು ಮುಚ್ಚಿಕೊಳ್ಳುತ್ತದೆ. ಬಾಗಿಲೇ ಮುಚ್ಚಿದ್ದರೆ ಎದೆ ಎಷ್ಟು ಒತ್ತಿದರೇನು? ತಲೆಯನ್ನು ಹಿಂದಕ್ಕೆ ಬಾಗಿಸಿ ಗದ್ದ ಮೇಲೆತ್ತಿದರೆ ಸಾಕು, ಗಂಟಲು ತೆರೆದುಕೊಳ್ಳುತ್ತದೆ ಎಂದು ಸಫಾರ್ ತೋರಿಸಿಕೊಟ್ಟರು. ಆಗ ಬಾಯಿಂದ ಊದಿದ ಗಾಳಿ ಸಲೀಸಾಗಿ ಒಳಹೋಗುತ್ತಿತ್ತು.

ಫೋನಿನ ಕಥೆಗೆ ಮುಖ್ಯವಾದದ್ದು ಈ ಪ್ರಯೋಗದ ಇನ್ನೊಂದು ಮಗ್ಗುಲು. ಊದಲು ಸಫಾರ್ ಕರೆಸಿದ್ದು ತಜ್ಞರನ್ನು ಮಾತ್ರ ಅಲ್ಲ. ಬಾಲ್ಟಿಮೋರ್ ಅಗ್ನಿಶಾಮಕ ದಳದವರು ಬಂದರು, ಜನಸಾಮಾನ್ಯರು ಬಂದರು, ಸ್ಕೌಟ್ ಹುಡುಗರೂ ಬಂದರು. ಒಮ್ಮೆ ಮಾಡಿ ತೋರಿಸಿದ ಮೇಲೆ ಆ ಹುಡುಗರು ತಮಗಿಂತ ಎರಡು ಪಟ್ಟು ತೂಕದ ದೊಡ್ಡವರಿಗೂ ಸಾಕಷ್ಟು ಉಸಿರು ಕೊಟ್ಟರು. ಜೀವ ಉಳಿಸಲು ಡಿಗ್ರಿ ಬೇಕಿಲ್ಲ, ಏನು ಮಾಡಬೇಕೆಂದು ಸರಿಯಾಗಿ ಹೇಳುವ ಒಬ್ಬರು ಇದ್ದರೆ ಸಾಕು ಎಂಬುದಕ್ಕೆ ಅಂಕಿ ಅಂಶ ಸಹಿತ ಸಾಕ್ಷಿ ಸಿಕ್ಕಿತು. 1957ರಲ್ಲಿ ಅಮೆರಿಕದ ಸೇನೆ ಹೊಸ ಕ್ರಮವನ್ನು ಒಪ್ಪಿಕೊಂಡಿತು. ಮುಂದಿನ ಕೆಲವೇ ವರ್ಷಗಳಲ್ಲಿ ಹಳೆಯ ಕ್ರಮಗಳು ಪಠ್ಯಪುಸ್ತಕಗಳಿಂದ ಮಾಯವಾದವು.

ಎ, ಬಿ, ಸಿ ಕೂಡಿದ ಬಗೆ

ಇದೇ ಹೊತ್ತಿಗೆ ಅದೇ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ಸಂಸ್ಥೆಯಲ್ಲಿ ವಿದ್ಯುತ್ ಎಂಜಿನಿಯರ್ ವಿಲಿಯಂ ಕೌವೆನ್‌ಹೋವನ್, ಅವರ ಜೊತೆಗಾರರಾದ ಗೈ ನಿಕರ್‌ಬಾಕರ್ ಮತ್ತು ಜೇಮ್ಸ್ ಜೂಡ್ ನಿಂತ ಹೃದಯಕ್ಕೆ ಶಾಕ್ ಕೊಡುವ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದರು. ನಾಯಿಯ ಎದೆಗೆ ಯಂತ್ರದ ಭಾರವಾದ ಹಿಡಿಕೆಗಳನ್ನು ಒತ್ತಿದಾಗಲೇ ರಕ್ತದೊತ್ತಡ ಒಂದಿಷ್ಟು ಏರುವುದನ್ನು ನಿಕರ್‌ಬಾಕರ್ ಗಮನಿಸಿದರು. ಎದೆಯನ್ನು ಸೀಳದೆ, ಹೊರಗಿನಿಂದ ಒತ್ತಿಯೇ ರಕ್ತ ಹರಿಸಬಹುದು ಎಂಬ ಸುಳಿವು ಅಲ್ಲಿಂದ ಸಿಕ್ಕಿತು. 1960ರ ಜುಲೈನಲ್ಲಿ ಪ್ರಕಟವಾದ ಅವರ ವರದಿಯಲ್ಲಿ 20 ರೋಗಿಗಳ ಪೈಕಿ 14 ಮಂದಿ ಬದುಕಿದ್ದರು.

ಒತ್ತಿದರೆ ಸಾಕು, ಊದಬೇಕಿಲ್ಲ ಎಂದು ಕೆಲವರು ಭಾವಿಸಿದರು. ಸಫಾರ್ ಒಪ್ಪಲಿಲ್ಲ. ಗಂಟಲು ಮುಚ್ಚಿರುವವರ ಎದೆ ಒತ್ತುವುದರಿಂದ ಗಾಳಿಯ ಆಟ ನಡೆಯುವುದಿಲ್ಲ ಎಂದು ಮತ್ತೆ ಅಳೆದು ತೋರಿಸಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮೇರಿಲ್ಯಾಂಡ್‌ನ ವೈದ್ಯರ ಸಭೆಯೊಂದರಲ್ಲಿ ಎರಡು ವಿದ್ಯೆಗಳೂ ಒಂದೇ ವೇದಿಕೆಗೆ ಬಂದವು. ಎ ಎಂದರೆ ಗಾಳಿಯ ದಾರಿ, ಬಿ ಎಂದರೆ ಉಸಿರು, ಸಿ ಎಂದರೆ ರಕ್ತಚಲನೆ. ಮಕ್ಕಳ ಅಕ್ಷರಮಾಲೆಯಷ್ಟು ಸರಳವಾದ ಈ ಕ್ರಮವನ್ನು ಸಫಾರ್ ಪುಸ್ತಕವಾಗಿ ಬರೆದು ಜಗತ್ತಿಗೆಲ್ಲ ಹಂಚಿದರು. ಮುಂದಿನ 50 ವರ್ಷ ಅದೇ ವೇದವಾಕ್ಯ.

ಜನರಿಗೆ ಕಲಿಸಲು ಒಂದು ಬೊಂಬೆಯೂ ಬೇಕಿತ್ತು. 1958ರಲ್ಲಿ ಸಫಾರ್ ನಾರ್ವೆಯಲ್ಲಿ ಉಪನ್ಯಾಸ ಕೊಟ್ಟರು. ಅದನ್ನು ಕೇಳಿದ ಅರಿವಳಿಕೆ ತಜ್ಞ ಬ್ಯೋರ್ನ್ ಲಿಂಡ್ ವಿಷಯವನ್ನು ಸ್ಟಾವಂಗರ್ ಊರಿನ ಆಟಿಕೆ ತಯಾರಕ ಆಸ್ಮಂಡ್ ಲೆರ್ಡಲ್‌ಗೆ ತಲುಪಿಸಿದರು. ಲೆರ್ಡಲ್ ತಯಾರಿಸಿದ ಬೊಂಬೆಯನ್ನು ನೋಡಿ, ಎದೆಯೊಳಗೆ ಸ್ಪ್ರಿಂಗ್ ಇಟ್ಟರೆ ಒತ್ತುವುದನ್ನೂ ಕಲಿಸಬಹುದು ಎಂದು ಸಫಾರ್ ಸಲಹೆ ಕೊಟ್ಟರು. ಸೀನ್ ನದಿಯಲ್ಲಿ ಮುಳುಗಿ ಸತ್ತಳೆನ್ನಲಾದ ಅನಾಮಿಕ ಹುಡುಗಿಯ ಮುಖವಾಡವನ್ನು ಹೋಲುವ ಆ ರೆಸಸಿ ಆ್ಯನ್ ಬೊಂಬೆಯ ಮೇಲೆಯೇ ಇಂದಿಗೂ ಲಕ್ಷಾಂತರ ಮಂದಿ ಸಿಪಿಆರ್ ಕಲಿಯುತ್ತಾರೆ.

ಮಗಳು ಎಲಿಜಬೆತ್

1961ರಲ್ಲಿ ಸಫಾರ್ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಬಂದು ಅರಿವಳಿಕೆ ವಿಭಾಗ ಕಟ್ಟಿದರು. ಅಷ್ಟರಲ್ಲಾಗಲೇ ಬಾಲ್ಟಿಮೋರ್‌ನಲ್ಲಿ ದಿನದ 24 ಗಂಟೆಯೂ ವೈದ್ಯರಿರುವ ತೀವ್ರ ನಿಗಾ ಘಟಕ ಆರಂಭಿಸಿ ಹೆಸರಾಗಿದ್ದರು. ಐಸಿಯು ಎಂದು ಈಗ ಎಲ್ಲರ ಬಾಯಲ್ಲೂ ಓಡಾಡುವ ವ್ಯವಸ್ಥೆಯ ಮೊದಲ ಮಾದರಿಗಳಲ್ಲಿ ಅದೂ ಒಂದು.

1966ರಲ್ಲಿ ಅವರ 11 ವರ್ಷದ ಮಗಳು ಎಲಿಜಬೆತ್‌ಗೆ ಆಸ್ತಮಾ ತೀವ್ರವಾಗಿ ಕೆರಳಿತು. ಉಸಿರು ನಿಂತಿತು, ಹೃದಯ ನಿಂತಿತು. ಹೃದಯ ಮತ್ತೆ ಬಡಿಯುವಂತೆ ಮಾಡಲಾಯಿತಾದರೂ ಅಷ್ಟು ಹೊತ್ತು ರಕ್ತ ಕಾಣದಿದ್ದ ಮೆದುಳು ಮರಳಲಿಲ್ಲ. ಕೆಲವು ದಿನಗಳಲ್ಲಿ ಮಗು ತೀರಿಕೊಂಡಿತು. ನಿಂತ ಉಸಿರನ್ನು ಮರಳಿಸುವುದು ಹೇಗೆಂದು ಜಗತ್ತಿಗೆ ಕಲಿಸಿದ ತಂದೆಯ ಮನೆಯಲ್ಲೇ ಹೀಗಾಯಿತು.

ಇದಾದ ಮೇಲೆ ಸಫಾರ್ ಕೆಲಸದ ದಿಕ್ಕು ಎರಡು ಕಡೆ ಕವಲೊಡೆಯಿತು. ಹೃದಯ ಬಡಿಯುವಂತೆ ಮಾಡಿದರಷ್ಟೇ ಸಾಲದು, ಮೆದುಳನ್ನೂ ಉಳಿಸಬೇಕು ಎಂಬುದು ಒಂದು. ಸಿಪಿಆರ್ ಎಂಬ ಹೆಸರಿನೊಳಗೆ ಮೆದುಳನ್ನೂ ಸೇರಿಸಿ ಸಿಪಿಸಿಆರ್ ಎನ್ನಬೇಕೆಂದು ಕೊನೆಯವರೆಗೂ ವಾದಿಸಿದರು. ಆಸ್ಪತ್ರೆ ತಲುಪುವ ಮುನ್ನ ಕಳೆದುಹೋಗುವ ನಿಮಿಷಗಳನ್ನು ಗಿಟ್ಟಿಸಿಕೊಳ್ಳಬೇಕು ಎಂಬುದು ಇನ್ನೊಂದು. ರಕ್ತ ಸಿಗದ ಮೆದುಳಿಗೆ ನಾಲ್ಕೈದು ನಿಮಿಷಗಳಲ್ಲೇ ಹಾನಿ ಶುರುವಾಗುತ್ತದೆ. ಅಷ್ಟರೊಳಗೆ ಆಂಬುಲೆನ್ಸ್ ಬರುವ ಊರು ಜಗತ್ತಿನಲ್ಲಿ ವಿರಳ.

ಅಂದಿನ ಪಿಟ್ಸ್‌ಬರ್ಗ್‌ನಲ್ಲಂತೂ ಆಂಬುಲೆನ್ಸ್ ಎಂದರೆ ಪೊಲೀಸ್ ವ್ಯಾನು, ಇಲ್ಲವೇ ಶವಸಂಸ್ಕಾರದವರ ಗಾಡಿ. ಅದೇ ವರ್ಷದ ನವೆಂಬರ್‌ನಲ್ಲಿ ಪೆನ್ಸಿಲ್ವೇನಿಯಾದ ಮಾಜಿ ಗವರ್ನರ್ ಡೇವಿಡ್ ಲಾರೆನ್ಸ್ ಚುನಾವಣಾ ಸಭೆಯ ವೇದಿಕೆಯಲ್ಲೇ ಕುಸಿದುಬಿದ್ದರು. ಸಭೆಯಲ್ಲಿದ್ದ ನರ್ಸ್ ಒಬ್ಬರು ಸಿಪಿಆರ್ ಶುರು ಮಾಡಿದರೂ ಆಸ್ಪತ್ರೆಗೆ ಸಾಗಿಸಿದ್ದು ಪೊಲೀಸ್ ಗಾಡಿಯಲ್ಲಿ. ಎರಡು ವಾರಗಳ ಬಳಿಕ ಅವರು ಪ್ರಜ್ಞೆ ಮರಳದೆಯೇ ನಿಧನರಾದರು. ನಗರದ ದೊರೆಯಂತಿದ್ದ ವ್ಯಕ್ತಿಗೇ ಈ ಗತಿಯಾದರೆ ಬಡವರ ಪಾಡೇನು ಎಂಬ ಪ್ರಶ್ನೆ ಎದ್ದಿತು.

ಬಡವರ ಪಾಡು ಹೇಗಿತ್ತೆಂದು ನಗರದ ಹಿಲ್ ಡಿಸ್ಟ್ರಿಕ್ಟ್‌ನ ಕಪ್ಪು ವರ್ಣೀಯರಿಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿ ಫ್ರೀಡಂ ಹೌಸ್ ಎಂಬ ಸಂಸ್ಥೆ ಮನೆ ಬಾಗಿಲಿಗೆ ತರಕಾರಿ ಮುಟ್ಟಿಸುವ ಗಾಡಿಗಳನ್ನು ಓಡಿಸುತ್ತಿತ್ತು. ದಾನಿ ಸಂಸ್ಥೆಯೊಂದರ ಮುಖ್ಯಸ್ಥರಾಗಿದ್ದ ಫಿಲ್ ಹ್ಯಾಲೆನ್ ಈ ಸಂಸ್ಥೆಯಿಂದಲೇ ಆಂಬುಲೆನ್ಸ್ ಓಡಿಸಬಾರದೇಕೆ ಎಂದು ಯೋಚಿಸಿದರು. ತರಬೇತಿಯ ಹೊಣೆ ಸಫಾರ್ ಹೆಗಲಿಗೆ ಬಂತು. ಕೆಲಸವಿಲ್ಲದ, ಹೈಸ್ಕೂಲು ಮುಗಿಸದ ಯುವಕರೂ ಇದ್ದ ಆ ತಂಡಕ್ಕೆ ಅವರು ಸುಮಾರು 300 ಗಂಟೆಗಳ ಪಾಠ ರೂಪಿಸಿದರು. ಶರೀರಶಾಸ್ತ್ರ, ಗಂಟಲಿಗೆ ನಳಿಕೆ ಇಳಿಸುವುದು, ಆಪರೇಷನ್ ಥಿಯೇಟರಿನಲ್ಲಿ ನಿಂತು ನೋಡುವುದು, ಎಲ್ಲವೂ ಅದರಲ್ಲಿತ್ತು. 1968ರಲ್ಲಿ ಗಾಡಿಗಳು ಬೀದಿಗಿಳಿದವು. ಪ್ಯಾರಾಮೆಡಿಕ್ ಎಂಬ ವೃತ್ತಿ ಅಮೆರಿಕದಲ್ಲಿ ಬೇರೂರಿದ ಮೊದಲ ತಾಣಗಳಲ್ಲಿ ಇದೂ ಒಂದು. 1974ರಿಂದ ಈ ತಂಡದ ವೈದ್ಯಕೀಯ ಹೊಣೆ ಹೊತ್ತ ನ್ಯಾನ್ಸಿ ಕ್ಯಾರೊಲಿನ್, ಇಲ್ಲಿನ ಅನುಭವದಿಂದಲೇ ಪ್ಯಾರಾಮೆಡಿಕ್‌ಗಳ ಪಠ್ಯಪುಸ್ತಕ ಬರೆದರು.

1975ರಲ್ಲಿ ನಗರಾಡಳಿತ ತನ್ನದೇ ಆಂಬುಲೆನ್ಸ್ ಸೇವೆ ಆರಂಭಿಸಿ ಫ್ರೀಡಂ ಹೌಸ್‌ಗೆ ಬಾಗಿಲು ಹಾಕಿತು. ಅನುಭವಿಗಳಾಗಿದ್ದ ಅದೇ ಯುವಕರಲ್ಲಿ ಹೆಚ್ಚಿನವರಿಗೆ ಹೊಸ ವ್ಯವಸ್ಥೆಯಲ್ಲಿ ಕಾಲೂರಲು ಆಗಲಿಲ್ಲ. ಸಫಾರ್ ಬದುಕಿನ ಅತ್ಯಂತ ಕಹಿ ಅಧ್ಯಾಯಗಳಲ್ಲಿ ಇದನ್ನೂ ಸೇರಿಸಬೇಕು. ಯಾರೂ ಕಲಿಯಬಲ್ಲರು ಎಂಬ ಅವರ ನಂಬಿಕೆ ಸುಳ್ಳಾಗಲಿಲ್ಲ. ಕಲಿತವರನ್ನು ಉಳಿಸಿಕೊಳ್ಳುವ ಮನಸ್ಸು ಊರಿಗೆ ಇರಲಿಲ್ಲ.

ಕಲಿತವರು ಬೇರೆಡೆ, ಬಿದ್ದವರು ಮನೆಯಲ್ಲಿ

ಇತ್ತ ಸಿಯಾಟಲ್‌ನಲ್ಲಿ 1970ರ ದಶಕದ ಆರಂಭದಿಂದಲೇ ಊರಿನ ಜನರಿಗೆಲ್ಲ ಸಿಪಿಆರ್ ಕಲಿಸುವ ಅಭಿಯಾನ ಶುರುವಾಗಿತ್ತು. ಸಾವಿರಾರು ಜನ ಕಲಿತರು. ಆದರೂ ಒಂದು ತೊಡಕು ಉಳಿಯಿತು. ಹೃದಯ ಸ್ತಂಭನ ಹೆಚ್ಚಾಗಿ ಆಗುವುದು ಮನೆಯಲ್ಲಿ, ಅದೂ ವಯಸ್ಸಾದವರಿಗೆ. ಆಗ ಪಕ್ಕದಲ್ಲಿರುವವರು ಅಷ್ಟೇ ವಯಸ್ಸಾದ ಹೆಂಡತಿಯೋ ಗಂಡನೋ. ಸಿಪಿಆರ್ ತರಗತಿಗೆ ಬರುವವರು ಮಾತ್ರ ಬಹುಪಾಲು ಯುವಕರು. ಕಲಿತವರು ಇರುವ ಜಾಗವೇ ಬೇರೆ, ಬಿದ್ದವರು ಇರುವ ಜಾಗವೇ ಬೇರೆ.

ಎರಡನ್ನೂ ಬೆಸೆಯುವ ಒಂದೇ ವಸ್ತು ಎಲ್ಲರ ಮನೆಯಲ್ಲೂ ಇತ್ತು. ಅದು ಫೋನ್. 1970ರ ದಶಕದ ಮಧ್ಯದಲ್ಲಿ ಅರಿಜೋನಾದ ಫೀನಿಕ್ಸ್‌ನಲ್ಲಿ ಅಗ್ನಿಶಾಮಕ ಸಿಬ್ಬಂದಿ ಫೋನಿನಲ್ಲೇ ತುರ್ತು ಸೂಚನೆ ಕೊಡತೊಡಗಿದ್ದರು. ದಶಕದ ಕೊನೆಗೆ ಸಾಲ್ಟ್ ಲೇಕ್ ಸಿಟಿಯಲ್ಲಿ ಜೆಫ್ ಕ್ಲಾಸನ್ ಎಂಬ ವೈದ್ಯರು ಡಿಸ್ಪ್ಯಾಚರ್‌ಗಳು ಕೇಳಬೇಕಾದ ಪ್ರಶ್ನೆ, ಹೇಳಬೇಕಾದ ಉತ್ತರಗಳನ್ನು ಕಾರ್ಡುಗಳಲ್ಲಿ ಬರೆದಿಟ್ಟರು. ಸಿಯಾಟಲ್ ಇರುವ ಕಿಂಗ್ ಕೌಂಟಿಯಲ್ಲಿ 1980ರ ದಶಕದ ಆರಂಭದಲ್ಲಿ ಮಿಕಿ ಐಸನ್‌ಬರ್ಗ್ ಮತ್ತು ಸಂಗಡಿಗರು ಡಿಸ್ಪ್ಯಾಚರ್‌ಗಳಿಗೆ ಕ್ರಮಬದ್ಧ ತರಬೇತಿ ಕೊಟ್ಟು ಫಲಿತಾಂಶವನ್ನು ಅಳೆದರು. ಅದಕ್ಕೆ ಮೊದಲು ಅಲ್ಲಿ ಹೃದಯ ಸ್ತಂಭನವಾದವರಲ್ಲಿ ಶೇ 45ರಷ್ಟು ಮಂದಿಗೆ ಸ್ಥಳದಲ್ಲಿದ್ದವರಿಂದ ಸಿಪಿಆರ್ ಸಿಗುತ್ತಿತ್ತು. ಫೋನ್ ಸೂಚನೆ ಶುರುವಾದ ಮೇಲೆ ಅದು ಶೇ 56ಕ್ಕೇರಿತು. ಬಾಲ್ಟಿಮೋರ್‌ನಲ್ಲಿ ಸ್ಕೌಟ್ ಹುಡುಗರಿಗೆ ಕಣ್ಣೆದುರು ಮಾಡಿ ತೋರಿಸಿದ್ದನ್ನು ಇಲ್ಲಿ ಬರೀ ಕಿವಿಗೆ ಹೇಳಿ ಮಾಡಿಸಲಾಗಿತ್ತು.

ಕೇಳಲು ಸುಲಭ, ಮಾಡಿಸುವುದು ಕಷ್ಟ. ಡಿಸ್ಪ್ಯಾಚರ್‌ಗಳು ಮೊದಲು ಕಲಿಯಬೇಕಾದದ್ದು ಕೇಳಿಸಿಕೊಳ್ಳುವುದನ್ನು. ಹೃದಯ ನಿಂತ ಮೇಲೂ ಹಲವರು ಒಂದಿಷ್ಟು ಹೊತ್ತು ಏದುಸಿರಿನಂತೆ, ಗೊರಕೆಯಂತೆ ಬಿಟ್ಟು ಬಿಟ್ಟು ಎಳೆಯುತ್ತಾರೆ. ಕಿಂಗ್ ಕೌಂಟಿಯ ಅಧ್ಯಯನವೊಂದರಲ್ಲಿ ಹತ್ತರಲ್ಲಿ ನಾಲ್ಕು ಪ್ರಕರಣಗಳಲ್ಲಿ ಹೀಗಾಗಿತ್ತು. ಮನೆಯವರು ಅದನ್ನು ಉಸಿರಾಟ ಎಂದೇ ತಿಳಿದು, ಹೌದು ಉಸಿರಾಡುತ್ತಿದ್ದಾರೆ ಎಂದು ಉತ್ತರಿಸುತ್ತಾರೆ. ಆ ಒಂದು ತಪ್ಪು ಉತ್ತರದಿಂದ ಜೀವ ಹೋಗಬಹುದು. ಅದಕ್ಕೇ ಹಳೆಯ ಕರೆಗಳ ರೆಕಾರ್ಡಿಂಗ್ ಕೇಳಿಸಿ, ಆ ಸದ್ದನ್ನು ಹೇಗೆ ಗುರುತಿಸಬೇಕೆಂದು ಪದೇ ಪದೇ ಅಭ್ಯಾಸ ಮಾಡಿಸುತ್ತಾರೆ. ಪ್ರಶ್ನೆಯನ್ನೂ ಬರೀ ಉಸಿರಾಟ ಇದೆಯೇ ಎಂದಲ್ಲ, ಮಾಮೂಲಿನಂತೆ ಇದೆಯೇ ಎಂದೇ ಕೇಳಬೇಕು.

ಎರಡನೆಯದು ಮಾತಿನ ವರಸೆ. ಸಿಪಿಆರ್ ಮಾಡಲು ನಿಮಗೆ ಇಷ್ಟವೇ, ನಿಮಗೆ ಬರುತ್ತದೆಯೇ ಎಂದು ಕೇಳಿದರೆ ಗಾಬರಿಯಲ್ಲಿರುವವರು ಇಲ್ಲ ಎನ್ನುತ್ತಾರೆ. ಈಗ ಮಾಡೋಣ, ನಾನು ಹೇಳಿಕೊಡುತ್ತೇನೆ ಎಂಬ ಧಾಟಿಯಲ್ಲಿ ನೇರವಾಗಿ ಹೇಳಿದರೆ ಕೈ ತಾನಾಗಿ ಮುಂದಾಗುತ್ತದೆ. ಹೃದಯ ನಿಂತಿರದವರ ಎದೆ ಒತ್ತಿಸಿಬಿಟ್ಟರೆ ಅಪಾಯವಲ್ಲವೇ ಎಂಬ ಭಯ ಡಿಸ್ಪ್ಯಾಚರ್‌ಗಳಿಗೂ ಇತ್ತು. ಅಂಥ ಪ್ರಕರಣಗಳಲ್ಲಿ ಗಂಭೀರ ಗಾಯ ತೀರಾ ವಿರಳ ಎಂದು ಮುಂದೆ ಅಧ್ಯಯನಗಳು ತೋರಿಸಿದವು. ಸುಮ್ಮನೆ ಕಾದು ಕುಳಿತರೆ ಆಗುವ ನಷ್ಟದ ಎದುರು ಒಂದು ಪಕ್ಕೆಲುಬಿನ ನೋವು ಲೆಕ್ಕಕ್ಕಿಲ್ಲ.

ಬಿಟ್ಟುಹೋದ ಉಸಿರು

ಫೋನಿನಲ್ಲಿ ಎಲ್ಲಕ್ಕಿಂತ ಕಷ್ಟವಾದದ್ದು ಯಾವುದು ಗೊತ್ತೇ? ಸಫಾರ್ ಕಂಡುಕೊಂಡ ಉಸಿರಿನ ಭಾಗವೇ. ತಲೆ ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು, ಬಾಯಿ ಮುಚ್ಚಿಕೊಳ್ಳುವಂತೆ ಊದುವುದನ್ನು ಕಣ್ಣಿಗೆ ಕಾಣದವರಿಗೆ ವಿವರಿಸಲು ಸಮಯ ಹಿಡಿಯುತ್ತಿತ್ತು. ಎಷ್ಟೋ ಜನ ಹಿಂಜರಿಯುತ್ತಿದ್ದರು. ಆ ಹೊತ್ತಿನಲ್ಲಿ ಎದೆಯ ಮೇಲೆ ಕೈಯೇ ಬೀಳುತ್ತಿರಲಿಲ್ಲ.

ಸಿಯಾಟಲ್‌ನಲ್ಲಿ ಇದನ್ನು ಪರೀಕ್ಷೆಗೊಡ್ಡಲಾಯಿತು. ಕೆಲವು ಕರೆಗಳಲ್ಲಿ ಡಿಸ್ಪ್ಯಾಚರ್‌ಗಳು ಉಸಿರು ಮತ್ತು ಒತ್ತುವಿಕೆ ಎರಡನ್ನೂ ಹೇಳಿದರು, ಇನ್ನು ಕೆಲವು ಕರೆಗಳಲ್ಲಿ ಒತ್ತುವುದನ್ನು ಮಾತ್ರ ಹೇಳಿದರು. 2000ನೇ ಇಸವಿಯಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡನ್ನೂ ಹೇಳಿದ ಗುಂಪಿನಲ್ಲಿ ಶೇ 10.4ರಷ್ಟು ರೋಗಿಗಳು ಬದುಕಿ ಮನೆಗೆ ಮರಳಿದರು. ಒತ್ತುವುದನ್ನು ಮಾತ್ರ ಹೇಳಿದ ಗುಂಪಿನಲ್ಲಿ ಶೇ 14.6. ಈ ಅಂತರ ಆಕಸ್ಮಿಕವೂ ಇರಬಹುದಾದಷ್ಟು ಚಿಕ್ಕದು ಎಂದು ಸಂಶೋಧಕರೇ ಒಪ್ಪಿಕೊಂಡರು. ಆದರೆ ಉಸಿರನ್ನು ಬಿಟ್ಟದ್ದರಿಂದ ನಷ್ಟವಾಗಿಲ್ಲ ಎಂಬುದು ಖಚಿತವಾಯಿತು. ಸೂಚನೆ ಕೊಟ್ಟು ಮುಗಿಸಲು 1.4 ನಿಮಿಷ ಕಡಿಮೆ ಸಾಕಾಗಿತ್ತು. ಈ ಲೆಕ್ಕದಲ್ಲಿ ಒಂದೂವರೆ ನಿಮಿಷವೆಂದರೆ ಬಹಳ ದೊಡ್ಡದು. ಸಿಪಿಆರ್ ಇಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತದೆ.

ಹಾಗಾದರೆ ಬಾಲ್ಟಿಮೋರ್‌ನಲ್ಲಿ ಅಳೆದದ್ದು ತಪ್ಪೇ? ಅಲ್ಲ. ಅಲ್ಲಿ ಮಲಗಿದ್ದವರ ಹೃದಯ ಬಡಿಯುತ್ತಿತ್ತು, ನಿಂತಿದ್ದದ್ದು ಉಸಿರು ಮಾತ್ರ. ಅಂಥವರಿಗೆ ಗಾಳಿಯೇ ಮದ್ದು. ವಯಸ್ಕರ ಹೃದಯ ಹಠಾತ್ತನೆ ನಿಂತಾಗ ರಕ್ತದಲ್ಲಿ ಇನ್ನೂ ಕೆಲವು ನಿಮಿಷಗಳಿಗೆ ಸಾಕಾಗುವಷ್ಟು ಆಮ್ಲಜನಕ ಇರುತ್ತದೆ, ಅದನ್ನು ಮೆದುಳಿಗೆ ತಳ್ಳುವವರು ಬೇಕು ಅಷ್ಟೇ. ನೀರಿನಲ್ಲಿ ಮುಳುಗಿದವರಿಗೆ, ಉಸಿರುಗಟ್ಟಿದ ಮಕ್ಕಳಿಗೆ ಈಗಲೂ ಸಫಾರ್ ಕ್ರಮದಂತೆ ಉಸಿರು ಕೊಡಲೇಬೇಕು. ಆಸ್ತಮಾದಿಂದ ಉಸಿರು ನಿಂತ ಎಲಿಜಬೆತ್‌ಳಂಥ ಮಗುವಿಗೂ ಅದೇ.

2010ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಎ-ಬಿ-ಸಿ ಕ್ರಮವನ್ನೇ ಸಿ-ಎ-ಬಿ ಎಂದು ಬದಲಿಸಿತು. ಭಾರತದಲ್ಲಿ ಅರಿವಳಿಕೆ ತಜ್ಞರ ಸಂಘ 2017ರಲ್ಲಿ ಜನಸಾಮಾನ್ಯರಿಗಾಗಿ ರೂಪಿಸಿದ ಮಾರ್ಗಸೂಚಿಯಲ್ಲಂತೂ ಬಾಯಿಂದ ಉಸಿರು ಕೊಡುವ ಮಾತೇ ಇಲ್ಲ. ಎದೆಯ ನಡುವೆ ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ ಸುಮಾರು 120ರ ವೇಗದಲ್ಲಿ ಒತ್ತುತ್ತಲೇ ಇರಿ ಎಂಬುದಷ್ಟೇ ಪಾಠ. ಮುಂಬೈನಲ್ಲಿರಲಿ, ಹುಬ್ಬಳ್ಳಿಯಲ್ಲಿರಲಿ, 108 ಅಥವಾ 112ಕ್ಕೆ ಕರೆ ಮಾಡಿ ಫೋನನ್ನು ಸ್ಪೀಕರ್‌ಗೆ ಹಾಕಿ ಪಕ್ಕದಲ್ಲಿಟ್ಟುಕೊಂಡರೆ ಎರಡೂ ಕೈ ಬಿಡುವಾಗುತ್ತವೆ.

ಸಫಾರ್ ಅಷ್ಟರಲ್ಲಿ ಮೆದುಳಿನ ಹಿಂದೆ ಬಿದ್ದಿದ್ದರು. 1979ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಪುನಶ್ಚೇತನ ಸಂಶೋಧನೆಗೆಂದೇ ಕೇಂದ್ರವೊಂದನ್ನು ಕಟ್ಟಿ 1994ರವರೆಗೆ ನಡೆಸಿದರು. ಈಗ ಅದಕ್ಕೆ ಅವರದೇ ಹೆಸರಿದೆ. ಹೃದಯ ಮರಳಿದ ಮೇಲೆ ರೋಗಿಯ ಮೈಯನ್ನು ಕೆಲವು ಡಿಗ್ರಿ ತಂಪಾಗಿಸಿದರೆ ಮೆದುಳಿನ ಹಾನಿ ತಗ್ಗಬಹುದು ಎಂದು ನಾಯಿಗಳ ಮೇಲಿನ ಪ್ರಯೋಗಗಳಲ್ಲಿ ಅವರ ತಂಡ ಕಂಡಿತ್ತು. ಮೂರು ಬಾರಿ ನೊಬೆಲ್‌ಗೆ ಹೆಸರು ಹೋಯಿತು, ಬಹುಮಾನ ಬರಲಿಲ್ಲ. ಬಿಡುವಿನಲ್ಲಿ ಪಿಯಾನೊ ನುಡಿಸುತ್ತಿದ್ದರು; ವಿಯೆನ್ನಾದಲ್ಲಿ ಬೆಳೆದವರಾದ್ದರಿಂದ ವಾಲ್ಟ್ಸ್ ನೃತ್ಯವೆಂದರೆ ಪ್ರಾಣ.

2002ರಲ್ಲಿ ಮೈ ತಂಪಾಗಿಸುವ ಚಿಕಿತ್ಸೆಯ ಎರಡು ದೊಡ್ಡ ಪ್ರಯೋಗಗಳ ವರದಿ ಒಟ್ಟಿಗೇ ಪ್ರಕಟವಾಯಿತು. ಒಂದು ಆಸ್ಟ್ರೇಲಿಯಾದ್ದು. ಇನ್ನೊಂದನ್ನು ಯುರೋಪಿನ ಹಲವು ಆಸ್ಪತ್ರೆಗಳಲ್ಲಿ ಮುನ್ನಡೆಸಿದ್ದು ವಿಯೆನ್ನಾದ ವೈದ್ಯರು. ಎರಡರಲ್ಲೂ ತಂಪಾಗಿಸಿದ ರೋಗಿಗಳ ಮೆದುಳು ಹೆಚ್ಚು ಚೇತರಿಸಿಕೊಂಡಿತ್ತು. ಎಷ್ಟು ತಂಪು, ಯಾರಿಗೆ ಬೇಕು ಎಂಬ ಬಗ್ಗೆ ಮುಂದಿನ ದೊಡ್ಡ ಅಧ್ಯಯನಗಳು ಬೇರೆ ಬೇರೆ ಉತ್ತರ ಕೊಟ್ಟು, ಆ ಚರ್ಚೆ ಇನ್ನೂ ನಡೆದಿದೆ. ಸಫಾರ್ ನೋಡಿದ್ದು ಮೊದಲ ಫಲಿತಾಂಶವನ್ನು ಮಾತ್ರ. ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಅವರು 2003ರ ಆಗಸ್ಟ್ 3ರಂದು ಪಿಟ್ಸ್‌ಬರ್ಗ್ ಬಳಿಯ ಮೌಂಟ್ ಲೆಬನಾನ್‌ನ ಮನೆಯಲ್ಲಿ ನಿಧನರಾದರು. ಆಗ ಅವರಿಗೆ 79 ವರ್ಷ.